ಅತ್ತೆಗೆ ಹೈಡ್ರೋಕಾರ್ಟಿಸೋನ್ ಬರೆದಿದಾರೆ, ಸ್ಟೀರಾಯ್ಡ್ ಅಂತ ನುಂಗ್ತಾನೇ ಇಲ್ಲ. ಸೈಡ್ ಎಫೆಕ್ಟ್ ನಿಜಕ್ಕೂ ಎಷ್ಟು?

ಸಕ್ಲೇಶ್ಪುರದ_ಸೊಸೆ (ಭಾನುವಾರ, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ನಮ್ಮತ್ತೆಗೆ 58. ಒಂದು ವರ್ಷದಿಂದ ಸುಸ್ತು ಸುಸ್ತು ಅಂತಿದ್ರು, ತೂಕ ಇಳೀತಾ ಬಂತು, ರವಿಕೆ ಎಲ್ಲ ಲೂಸಾಗಿ ಎರಡ್ ಸಲ ಹೊಲಿಗೆ ಹಾಕ್ಸಿದ್ವಿ. ಮುಖ ಕೈ ಕಪ್ಪಾಯ್ತು, ಕಾಫಿ ಕೊಯ್ಲಲ್ಲಿ ಬಿಸಿಲಿಗೆ ನಿಂತಿದ್ದು ಅಂದ್ಕೊಂಡ್ವಿ. ಆಮೇಲೆ ಉಪ್ಪಿನ ಹುಚ್ಚು, ಗಂಜಿಗೂ ಮೇಲುಪ್ಪು, ಮಾವಿನ ಮಿಡಿ ಭರಣಿಯಿಂದ ರಸಾನೇ ಚಮಚದಲ್ಲಿ ತಗೊಂಡು ಕುಡಿಯೋರು, ನಾವು ನಗಾಡ್ತಿದ್ವಿ. ಹೋದ ತಿಂಗಳು ವಾಂತಿ ಶುರುವಾಗಿ ಬಚ್ಚಲ ಬಾಗಿಲಲ್ಲೇ ಬಿದ್ರು. ಹಾಸನಕ್ಕೆ ಕರ್ಕೊಂಡ್ ಹೋದಾಗ ಬಿಪಿ 80/50, ಸೋಡಿಯಂ 118, ಪೊಟ್ಯಾಸಿಯಂ 5.9.

ಅಡಿಸನ್ಸ್ ಕಾಯಿಲೆ ಅಂದ್ರು. ಕಿಡ್ನಿ ಮೇಲೆ ಟೋಪಿ ಥರ ಕೂತಿರೋ ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸಿದೆಯಂತೆ, 20 ವರ್ಷದ ಹಿಂದೆ ಅತ್ತೆಗೆ ಟಿಬಿ ಆಗಿತ್ತು, ಅದೇ ಗ್ರಂಥೀನ ತಿಂದಿರ್ಬೇಕು ಅಂದ್ರು. ಈಗ ಹೈಡ್ರೋಕಾರ್ಟಿಸೋನ್ ಬೆಳಗ್ಗೆ 10, ಮಧ್ಯಾಹ್ನ 5, ಸಂಜೆ 5 ಎಂಜಿ, ಜೊತೆಗೆ ಮೈಯಲ್ಲಿ ಉಪ್ಪು ಹಿಡಿದಿಡೋಕೆ ಫ್ಲೂಡ್ರೋಕಾರ್ಟಿಸೋನ್ 0.1 ಎಂಜಿ. ಜೀವನ ಪೂರ್ತಿ.

ತೊಂದ್ರೆ ಏನಂದ್ರೆ ಬೆಂಗಳೂರಲ್ಲಿರೋ ನಾದಿನಿ ಒಂದು ವಿಡಿಯೋ ಕಳಿಸಿದ್ಲು, ಸ್ಟೀರಾಯ್ಡ್ ತಗೊಂಡ್ರೆ ಮುಖ ಊದುತ್ತೆ, ಮೂಳೆ ಪುಡಿ ಆಗುತ್ತೆ, ಶುಗರ್ ಬರುತ್ತೆ, ಕಣ್ಣು ಹೋಗುತ್ತೆ ಅಂತ. ಅತ್ತೆ ಅದನ್ನ ಮೂರು ಸಲ ನೋಡಿದಾರೆ. ಡಬ್ಬಿ ಒಳಗಿನ ಚೀಟೀಲೂ ಅದೇ ಪಟ್ಟಿ. ನಿನ್ನೆ ಗುಡಿಸ್ತಾ ಎಲೆಅಡಿಕೆ ತಟ್ಟೆ ಎತ್ತಿದ್ರೆ ಕೆಳಗೆ ಒಂಬತ್ತು ಮಾತ್ರೆ! ಬಾಯಲ್ಲಿಟ್ಕೊಂಡು ಆಮೇಲೆ ಉಗುಳ್ತಿದಾರೆ ಅನ್ಸುತ್ತೆ, ಕೆಲವು ಅರ್ಧ ಕರಗಿದ್ವು. ಯಾರಾದ್ರೂ ವರ್ಷಗಟ್ಟಲೆ ತಗೊಂಡೋರು ಇದ್ರೆ ಹೇಳಿ, ಇದೆಲ್ಲ ನಿಜಾನಾ?

ಕಡೂರು_ಕಲ್ಲೇಶ (ರಾತ್ರಿ 10.05)

ನಿಜ ಮೇಡಂ, ನೂರಕ್ಕೆ ನೂರು ನಿಜ. ಸ್ಟೀರಾಯ್ಡ್ ಅಂದ್ರೆ ವಿಷ, ಕಣ್ಣಾರೆ ಕಂಡಿದೀನಿ. ನಿಮ್ಮತ್ತೆ ಬುದ್ಧಿವಂತ್ರು ಐತೆ ನೋಡಿ ಉಗುಳವ್ರೆ. ಅತಿಮಧುರದ ಕಷಾಯ ಕೊಡಿ, ಅಡ್ರಿನಲ್‌ಗೆ ಒಳ್ಳೇದು ಅಂತ ಓದಿದೀನಿ.

ಕೊಪ್ಪದ_ಅಡಕತ್ತರಿ (ರಾತ್ರಿ 10.52)

ಅಮ್ಮಾ ಮೊದ್ಲು ಒಂದ್ ಮಾತು. ನಾಳೆ ಬೆಳಗ್ಗೆಯಿಂದ ಅತ್ತೆ ನುಂಗೋ ತನಕ ಎದುರಿಗೆ ಕೂತ್ಕೊಳ್ಳಿ, ನೀರು ಕುಡಿಸಿ, ಬಾಯಿ ತೆಗಿಸಿ ನೋಡಿ. ಎಷ್ಟು ದಿನದ್ದು ಬಿಟ್ಟಿದಾರೆ ಅಂತ ಡಾಕ್ಟ್ರಿಗೆ ಫೋನ್ ಮಾಡಿ ಹೇಳಿ. ವಾಂತಿ, ತಲೆಸುತ್ತು ಏನಾದ್ರೂ ಇದ್ರೆ ನಾಳೆ ತನಕನೂ ಕಾಯ್ಬೇಡಿ, ಈಗ್ಲೇ ಹೊರಡಿ.

ನನಗೂ ಅದೇ ಕಾಯಿಲೆ, 11 ವರ್ಷ ಆಯ್ತು, ಟಿಬಿಯಿಂದಾನೇ. ನನ್ನ ಅಂಗೈ ಗೆರೆ ಎಲ್ಲ ಕರ್ರಗಾಗಿತ್ತು, ಅಡಕೆ ಸುಲಿದು ಚೊಗರು ಹಿಡಿದಿದ್ದು ಅಂತ ಎಲ್ರೂ ಅಂದ್ರು, ನಾನೂ ನಂಬಿದ್ದೆ. ಹೆಂಡತಿ ಒಂದಿನ ವಸಡು ನೋಡಿ "ವಸಡಲ್ಲಿ ಯಾರು ಅಡಕೆ ಸುಲೀತಾರೆ?" ಅಂದ್ಳು, ಆಮೇಲೇ ದೊಡ್ಡ ಡಾಕ್ಟ್ರ ಹತ್ರ ಹೋಗಿದ್ದು.

ಈಗ ಸೈಡ್ ಎಫೆಕ್ಟ್ ವಿಷಯ. ಚೀಟೀಲಿ ಬರೆದಿರೋದು ಸುಳ್ಳಲ್ಲ, ಆದ್ರೆ ಆ ಪಟ್ಟಿ ಮುಖ್ಯವಾಗಿ ದಮ್ಮು, ಗಂಟುವಾತ, ಕಿಡ್ನಿ ಕಾಯಿಲೆಗೆ ದಿನಕ್ಕೆ 40, 60 ಎಂಜಿ ಪ್ರೆಡ್ನಿಸೋಲೋನ್ ತಗೊಳ್ಳೋರದ್ದು. 5 ಎಂಜಿ ಪ್ರೆಡ್ನಿಸೋಲೋನ್ ಅಂದ್ರೆ ಸುಮಾರು 20 ಎಂಜಿ ಹೈಡ್ರೋಕಾರ್ಟಿಸೋನ್‌ಗೆ ಸಮ. ಅಂದ್ರೆ ನಿಮ್ಮತ್ತೆ ಇಡೀ ದಿನ ತಗೊಳ್ಳೋದು ಆ 60 ಎಂಜಿಯೋರ ಹನ್ನೆರಡನೇ ಒಂದು ಪಾಲು. ನಿಮ್ಮ ದೇಹ, ನಾದಿನಿ ದೇಹ ಎಲ್ಲ ದಿನಾ ಹೆಚ್ಚುಕಮ್ಮಿ ಇಷ್ಟೇ ಕಾರ್ಟಿಸಾಲ್ (ಹೈಡ್ರೋಕಾರ್ಟಿಸೋನ್ ಅಂದ್ರೂ ಅದೇ) ತಾನೇ ಮಾಡ್ಕೊಳ್ತದೆ ಮಾರಾಯ್ರೆ, ಅತ್ತೇದು ಮಾಡ್ತಿಲ್ಲ, ಅದಕ್ಕೆ ಅಂಗಡಿಯಿಂದ ತರ್ತಿದೀರಿ. ಅಷ್ಟೇ.

ಹಾಗಂತ ನನಗೆ ಏನೂ ಆಗಿಲ್ಲ ಅಂತ ಅಲ್ಲ. ಆಗಿದೆ, ಅದೂ ಚೆನ್ನಾಗೇ ಆಗಿದೆ. ಶುರುವಲ್ಲಿ ಟಿಬಿ ಮಾತ್ರೆನೂ ಜೊತೆಗೆ ನಡೀತಿತ್ತು, ಅದ್ರಲ್ಲಿ ರಿಫಾಂಪಿಸಿನ್ ಅಂತ ಇರ್ತದೆ, ಮೂತ್ರ ಕೇಸರಿ ಬಣ್ಣ ಮಾಡ್ತದಲ್ಲ ಅದು. ಅದು ಲಿವರ್‌ನ ಚುರುಕು ಮಾಡಿ ಕಾರ್ಟಿಸಾಲ್‌ನ ಬೇಗ ಖಾಲಿ ಮಾಡಿಬಿಡ್ತದೆ, ಹಾಗಾಗಿ ನನ್ನ ಹೈಡ್ರೋಕಾರ್ಟಿಸೋನ್‌ನ ದಿನಕ್ಕೆ 40 ಮಾಡಿದ್ರು, ಸರಿಯಾಗೇ ಮಾಡಿದ್ರು. ಟಿಬಿ ಕೋರ್ಸ್ ಮುಗೀತು. ಆದ್ರೆ ಅದನ್ನ ಮತ್ತೆ ಇಳಿಸ್ಬೇಕು ಅಂತ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ, ಚೀಟಿ ತೋರಿಸೋದು ಮಾತ್ರೆ ತರೋದು. ಎಂಟು ತಿಂಗಳಲ್ಲಿ 9 ಕೆಜಿ ಏರಿದೆ, ಕೆನ್ನೆ ಇಡ್ಲಿ ಥರ ಉಬ್ತು, ಊರಲ್ಲಿ ಎಲ್ರೂ "ಈಗ ಚೆನ್ನಾಗಿದೀಯ ಕಣೋ" ಅನ್ನೋರು. ಸಂಜೆ ಹಸಿವು ಅಂದ್ರೆ ಹಸಿವು, ಅಕ್ಕಿರೊಟ್ಟಿ ಆರು ಇಳೀತಿತ್ತು. ರಾತ್ರಿ ಎರಡು ಗಂಟೆ ಆದ್ರೂ ನಿದ್ದೆ ಇಲ್ಲ. ಮುಂಗೈ ಚರ್ಮ ತೆಳ್ಳಗಾಗಿ ಕಾಫಿ ಗಿಡದ ರೆಂಬೆ ತಾಗಿದ್ರೂ ನೇರಳೆ ಕಲೆ. ಊಟಕ್ಕೆ ಮುಂಚೆ ಶುಗರ್ 130. ಬೇರೆ ಡಾಕ್ಟ್ರು ನೋಡಿ ಮೆಲ್ಲಗೆ 20ಕ್ಕೆ ಇಳಿಸಿದ್ರು, ವರ್ಷದೊಳಗೆ ಬಹುಪಾಲು ಎಲ್ಲ ವಾಪಸ್ ಹೋಯ್ತು.

ಸಂಜೆ 5 ಯಾವಾಗ ಕೊಡ್ತೀರಿ? ನಾಲ್ಕು ಗಂಟೆ ಕಾಫಿ ಜೊತೆ ಮುಗಿಸಿ. ರಾತ್ರಿ ಊಟ ಆದ್ಮೇಲೆ ಕೊಟ್ರೆ ನಿದ್ದೆ ಹೋಗ್ತದೆ, ಆಗ ಅದೇ ಸೈಡ್ ಎಫೆಕ್ಟ್ ಅಂತ ಅತ್ತೆ ಇನ್ನೂ ಗಟ್ಟಿಯಾಗಿ ನಂಬ್ತಾರೆ. ಬೆಳಗ್ಗೇದು ಮಾತ್ರ ಎದ್ದ ತಕ್ಷಣ, ಹಾಸಿಗೆ ಮೇಲೇ. ಹೊಟ್ಟೆ ಉರಿ ಬಂದ್ರೆ ಒಂದೆರಡು ಬಿಸ್ಕತ್ ಜೊತೆ.

ಅಡ್ಡಹೆಸರು ಯಾಕಂದ್ರೆ 10ರ ಮಾತ್ರೆ ಅರ್ಧ ಮಾಡೋಕೆ ನಾನು ಬಳಸೋದು ಅಡಕತ್ತರಿ.

ಮೂಡಿಗೆರೆ_ಮೆಡಿಕಲ್ (ರಾತ್ರಿ 11.20)

ಮೇಲಿನೋರು ಹೇಳಿದ್ದು ಕರೆಕ್ಟ್. ನಾನು ಮೆಡಿಕಲ್ ಶಾಪಲ್ಲಿ 16 ವರ್ಷದಿಂದ ಇದೀನಿ. ಎರಡು ವಿಷಯ. ಫ್ಲೂಡ್ರೋಕಾರ್ಟಿಸೋನ್ ನಮ್ಮ ಕಡೆ ಎಲ್ಲ ಅಂಗಡೀಲಿ ಇಡಲ್ಲ, ನಾನೇ ಆರ್ಡರ್ ಹಾಕಿ ತರಿಸ್ಬೇಕು, ಮಳೆಗಾಲದಲ್ಲಿ ಪಾರ್ಸೆಲ್ ತಡ ಆದ್ರೆ ಪೇಷಂಟ್‌ಗೆ ಕಷ್ಟ. ಒಂದು ತಿಂಗಳದ್ದು ಯಾವಾಗ್ಲೂ ಎಕ್ಸ್ಟ್ರಾ ಇಟ್ಕೊಳ್ಳಿ. ಇನ್ನೊಂದು, ಫ್ಲೂಡ್ರೋ ಜಾಸ್ತಿ ಆದ್ರೆ ಅದರ ಸೈಡ್ ಎಫೆಕ್ಟ್ ಬೇರೆ ಥರ. ಕಾಲು ಊತ, ಬಿಪಿ ಏರೋದು, ತಲೆನೋವು, ಪೊಟ್ಯಾಸಿಯಂ ಇಳಿದು ಕಾಲಲ್ಲಿ ಶಕ್ತಿ ಇಲ್ಲದಂಗೆ ಆಗೋದು. ಪಾದದ ಮೇಲೆ ಬೆರಳಿಂದ ಒತ್ತಿ, ಗುಳಿ ಬಿದ್ದು ಹಂಗೇ ಉಳಿದ್ರೆ ಡಾಕ್ಟ್ರಿಗೆ ಹೇಳಿ.

ಕಲ್ಲೇಶಣ್ಣ, ಅತಿಮಧುರ ಕೊಡಿ ಅಂದ್ರಲ್ಲ, ದಯವಿಟ್ಟು ಅದನ್ನ ಇವರಿಗೆ ಹೇಳ್ಬೇಡಿ. ಕಿಡ್ನೀಲಿ ಕಾರ್ಟಿಸಾಲ್‌ನ ನಿಷ್ಕ್ರಿಯ ಮಾಡೋ ಒಂದು ಎಂಜೈಮ್ ಇದೆ, ಅತಿಮಧುರ ಅದನ್ನ ತಡೆಯುತ್ತೆ. ಮಾತ್ರೆ ತಗೊಳ್ಳೋರು ಅದನ್ನೂ ಕುಡಿದ್ರೆ ಬಿಪಿ ಏರಿ ಪೊಟ್ಯಾಸಿಯಂ ಕುಸಿಯುತ್ತೆ. ಕೆಮ್ಮಿನ ಕಷಾಯದ ಪುಡೀಲೂ ಇರುತ್ತೆ, ಜೇಷ್ಠಮಧು ಅಂತ ಬರೆದಿರ್ತಾರೆ, ನೋಡಿ ತಗೊಳ್ಳಿ.

ಕಡೂರು_ಕಲ್ಲೇಶ (ಸೋಮವಾರ, ಬೆಳಗ್ಗೆ 7.15)

ಆಯ್ತಪ್ಪ ಅತಿಮಧುರ ವಾಪಸ್ ತಗೊಂಡೆ. ಆದ್ರೆ ನಾನು ಸುಮ್ನೆ ಬಾಯಿಗೆ ಬಂದಂಗೆ ಹೇಳ್ಲಿಲ್ಲ. ನಮ್ಮಪ್ಪಂಗೆ ಮಂಡಿ ನೋವು, ಸಂತೇಲಿ ಒಬ್ಬ ಪುಡಿ ಪೊಟ್ಣ ಕೊಡ್ತಿದ್ದ, ಗಿಡಮೂಲಿಕೆ ಅಂತ, ತಿಂಗಳಿಗೆ 600 ರೂಪಾಯಿ. ಮೊದಲ ವಾರಾನೇ ಅಪ್ಪ ತೋಟಕ್ಕೆ ನಡ್ಕೊಂಡು ಹೋದ್ರು, ತೆಂಗಿನಕಾಯಿ ಸುಲಿದ್ರು, ನಾವೆಲ್ಲ ಅವನ ಕಾಲಿಗೆ ಬೀಳೋದೊಂದು ಬಾಕಿ. ಮೂರು ವರ್ಷ ತಗೊಂಡ್ರು. ಮುಖ ಹುಣ್ಣಿಮೆ ಚಂದ್ರ, ಹೊಟ್ಟೆ ಮುಂದೆ, ಕೈಕಾಲು ಕಡ್ಡಿ. ಶುಗರ್ 300. ಕಣ್ಣಿಗೆ ಪೊರೆ ಬಂತು. ಕಣದಲ್ಲಿ ಸುಮ್ನೆ ಜಾರಿ ಕೂತಂಗೆ ಬಿದ್ದಿದ್ದಕ್ಕೆ ಸೊಂಟದ ಮೂಳೆ ಮುರೀತು. ಆಪರೇಷನ್ ಮಾಡೋಕೆ ಮುಂಚೆ ಡಾಕ್ಟ್ರು ಪುಡಿ ನೋಡಿ ಇದ್ರಲ್ಲಿ ಸ್ಟೀರಾಯ್ಡ್ ಐತೆ ಅಂದ್ರು. ಸರಿ ಅಂತ ನಾವು ಸಿಟ್ಟಿಗೆ ಪೊಟ್ಣ ಎಲ್ಲಾ ತಿಪ್ಪೆಗೆ ಎಸೆದ್ವಿ. ನಾಲ್ಕನೇ ದಿನ ಅಪ್ಪ ಎಚ್ಚರ ತಪ್ಪಿದ್ರು, ಬಿಪಿನೇ ಸಿಗ್ತಿಲ್ಲ. ಐಸಿಯು. ಉಳ್ಕೊಂಡ್ರು, ಆದ್ರೆ ಆಮೇಲೆ ನಡೀಲೇ ಇಲ್ಲ ಸರಿಯಾಗಿ. ಈಗ ಹೇಳಿ ನಾನು ವಿಷ ಅಂದಿದ್ದು ತಪ್ಪಾ?

ಕೊಪ್ಪದ_ಅಡಕತ್ತರಿ (ಬೆಳಗ್ಗೆ 8.02)

ತಪ್ಪಲ್ಲ ಕಲ್ಲೇಶಣ್ಣ. ಅಪ್ಪಂಗೆ ಆಗಿದ್ದು ಓದಿ ಬೇಜಾರಾಯ್ತು. ಆದ್ರೆ ಒಂದು ಗಮನಿಸಿ, ನಿಮ್ಮಪ್ಪಂಗೆ ಎರಡು ಬೇರೆ ಬೇರೆ ಏಟು ಬಿದ್ದಿದೆ. ಮೂರು ವರ್ಷ ಬಿದ್ದಿದ್ದು ಜಾಸ್ತಿ ಆಗಿದ್ದಕ್ಕೆ. ನಾಲ್ಕನೇ ದಿನ ಬಿದ್ದಿದ್ದು ಒಮ್ಮೆಲೇ ಇಲ್ಲ ಆಗಿದ್ದಕ್ಕೆ. ಹೊರಗಿಂದ ಅಷ್ಟು ಬರ್ತಿದ್ರೆ ನಮ್ಮ ಗ್ರಂಥಿ ನನಗೇನು ಕೆಲಸ ಅಂತ ಮಲಗಿಬಿಡ್ತದೆ, ಮೂರು ನಾಲ್ಕು ವಾರ ತಗೊಂಡ್ರೇ ಸಾಕು ಹಂಗಾಗೋಕೆ. ಪುಡಿ ನಿಂತ ದಿನ ಅಪ್ಪಂಗೂ ಈ ಅಮ್ಮನ ಅತ್ತೆಗೂ ಒಂದೇ ಸ್ಥಿತಿ. ಅದಕ್ಕೇ ಅವ್ರು ಮಾತ್ರೆ ಉಗುಳಿದ್ರೆ ಬುದ್ಧಿವಂತ್ರು ಅನ್ಬೇಡಿ ಅಂತಿರೋದು.

ಕಡೂರು_ಕಲ್ಲೇಶ (ಬೆಳಗ್ಗೆ 8.10)

ಇದನ್ನ ಯಾರೂ ನಮಗೆ ಹಿಂಗೆ ಬಿಡಿಸಿ ಹೇಳಿರ್ಲಿಲ್ಲ. ಪುಡಿ ಮಾರಿದೋನ ಮೇಲೆ ಸಿಟ್ಟು ಮಾತ್ರ ಹಂಗೇ ಐತೆ.

ಅರಸೀಕೆರೆ_ಲೋಕಲ್ (ಬೆಳಗ್ಗೆ 11.30)

ನನ್ನ ಹೆಂಡತಿ ಕೇಸ್ ಹೇಳ್ತೀನಿ, ಅಡಿಸನ್ಸ್ ಅಲ್ಲ ಶೀಹನ್ ಸಿಂಡ್ರೋಮ್. ಹೆರಿಗೇಲಿ ತುಂಬಾ ರಕ್ತ ಹೋಯ್ತು, ಮೆದುಳಿನ ಕೆಳಗಿದ್ದು ಅಡ್ರಿನಲ್, ಥೈರಾಯ್ಡ್‌ಗೆಲ್ಲ ಆರ್ಡರ್ ಕೊಡೋ ಪಿಟ್ಯುಟರಿ ಗ್ರಂಥಿಗೆ ರಕ್ತ ಸಾಲ್ದೆ ಅದು ಹಾಳಾಗೋದು. ಮಗೂಗೆ ಹಾಲು ಬರ್ಲೇ ಇಲ್ಲ, ಮುಟ್ಟು ಮತ್ತೆ ಆಗ್ಲಿಲ್ಲ, ಚಳಿ ಅಂತ ಏಪ್ರಿಲ್‌ನಲ್ಲೂ ಸ್ವೆಟರ್. ಬಾಣಂತಿ ಸರಿಯಾಗಿ ನೋಡ್ಕೊಂಡಿಲ್ಲ ಅಂತ ಅವರಮ್ಮನ ಮೇಲೆ ನಮ್ಮಮ್ಮ ಆರು ವರ್ಷ ಮಾತು ಬಿಟ್ಟಿದ್ರು. ಒಂದು ಕಡೆ ಥೈರಾಯ್ಡ್ ಟೆಸ್ಟ್ ಮಾಡಿ ಕಡಿಮೆ ಇದೆ ಅಂತ ಥೈರಾಕ್ಸಿನ್ 100 ಕೊಟ್ರು, ಬೇರೇನೂ ನೋಡ್ಲಿಲ್ಲ. ಹತ್ತೇ ದಿನಕ್ಕೆ ವಾಂತಿ, ಶುಗರ್ 42, ಪ್ರಜ್ಞೆ ಇಲ್ಲ. ಆಮೇಲೆ ಇನ್ನೊಂದು ಕಡೆ ಹೇಳಿದ್ದು ಏನಂದ್ರೆ ಕಾರ್ಟಿಸಾಲ್ ಇಲ್ಲದೋರಿಗೆ ಮೊದ್ಲು ಸ್ಟೀರಾಯ್ಡ್ ಕೊಟ್ಟು ಆಮೇಲೆ ಥೈರಾಯ್ಡ್ ಮಾತ್ರೆ ಕೊಡ್ಬೇಕು, ಉಲ್ಟಾ ಮಾಡಿದ್ರೆ ಇರೋ ಚೂರುಪಾರು ಕಾರ್ಟಿಸಾಲೂ ಬೇಗ ಕರಗಿಹೋಗುತ್ತೆ ಅಂತ.

ಅವಳು ಕಪ್ಪಾಗಿರ್ಲಿಲ್ಲ, ಬಿಳಿಚಿಕೊಂಡಿದ್ಲು. ಫ್ಲೂಡ್ರೋ ಬೇಡ ಅಂದ್ರು, ಅಡ್ರಿನಲ್‌ಗೆ ಏನೂ ಆಗಿಲ್ಲ, ಉಪ್ಪು ಹಿಡಿಯೋ ಹಾರ್ಮೋನ್ ಪಿಟ್ಯುಟರಿ ಮಾತು ಅಷ್ಟಾಗಿ ಕೇಳಲ್ವಂತೆ. ಈಗ ಪ್ರೆಡ್ನಿಸೋಲೋನ್ 5 ಬೆಳಗ್ಗೆ ಒಂದೇ ಸಲ, ಥೈರಾಕ್ಸಿನ್. ಐದು ವರ್ಷ ಆಯ್ತು, ಮುಖ ಊದಿಲ್ಲ. ಮೂಳೆ ಸ್ಕ್ಯಾನ್‌ನಲ್ಲಿ ಸ್ವಲ್ಪ ಸಾಂದ್ರತೆ ಕಡಿಮೆ ಬಂತು, ಅದು ಸ್ಟೀರಾಯ್ಡ್‌ದೋ ಇಷ್ಟು ವರ್ಷ ಮುಟ್ಟಿನ ಹಾರ್ಮೋನ್ ಇಲ್ಲದ್ದಕ್ಕೋ ಬಿಡಿಸಿ ಹೇಳೋಕಾಗಲ್ಲ ಅಂದ್ರು, ಕ್ಯಾಲ್ಸಿಯಂ ವಿಟಮಿನ್ ಡಿ ನಡೀತಿದೆ.

ಬೇಲೂರು_ಶಿಲ್ಪ (ಮಧ್ಯಾಹ್ನ 1.15)

ನಡುವೆ ಬಾಯಿ ಹಾಕ್ತಿದೀನಿ ಸಾರಿ, ನಮ್ಮಕ್ಕಂಗೆ ಮುಟ್ಟು ನಿಂತ್ಮೇಲೆ ಹಾರ್ಮೋನ್ ಕೊಡ್ತೀವಿ ಅಂದಿದಾರೆ, ಅದೂ ಇದೇನಾ? ಕ್ಯಾನ್ಸರ್ ಬರುತ್ತೆ ಅಂತಾರಲ್ಲ.

ನೈಟ್_ಡ್ಯೂಟಿ_ಸಿಸ್ಟರ್ (ಮಧ್ಯಾಹ್ನ 2.40)

ಶಿಲ್ಪ, ಅದು ಈಸ್ಟ್ರೋಜನ್. ರಸಾಯನದ ಲೆಕ್ಕದಲ್ಲಿ ಅದೂ ಸ್ಟೀರಾಯ್ಡ್ ಹಾರ್ಮೋನೇ ಆದ್ರೆ ಕೆಲಸಾನೇ ಬೇರೆ, ಇಲ್ಲಿ ಮಾತಾಡ್ತಿರೋ ಮಾತ್ರೆಗೂ ಅದಕ್ಕೂ ಸಂಬಂಧ ಇಲ್ಲ. ಕ್ಯಾನ್ಸರ್ ಮಾತು ಎಲ್ಲರಿಗೂ ಗೊತ್ತಾಗಿದ್ದು 2002ರಲ್ಲಿ, ಅಮೆರಿಕದ ದೊಡ್ಡ ಅಧ್ಯಯನದ ಒಂದು ಭಾಗಾನ ನಡುವೆ ನಿಲ್ಲಿಸಿದಾಗ. ಈಸ್ಟ್ರೋಜನ್ ಪ್ರೊಜೆಸ್ಟಿನ್ ಎರಡೂ ತಗೊಂಡ 10,000 ಹೆಂಗಸರಲ್ಲಿ ವರ್ಷಕ್ಕೆ 8 ಸ್ತನ ಕ್ಯಾನ್ಸರ್ ಹೆಚ್ಚಿಗೆ ಕಂಡಿತ್ತು, ಅದ್ರಲ್ಲಿದ್ದೋರ ಸರಾಸರಿ ವಯಸ್ಸು 63. ನಿಮ್ಮಕ್ಕಂಗೆ ಎಷ್ಟು ವಯಸ್ಸು, ಮನೇಲಿ ಯಾರಿಗಾದ್ರೂ ಇತ್ತಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ ಇದನ್ನೆಲ್ಲ ನೋಡಿ ಡಾಕ್ಟ್ರು ಹೇಳ್ತಾರೆ. ಬೇರೆ ಪೋಸ್ಟ್ ಹಾಕಿ, ಇಲ್ಲಿ ಸೇರಿಸಿದ್ರೆ ಅತ್ತೆ ಓದಿ ಅದಕ್ಕೂ ಹೆದರ್ತಾರೆ.

ಸಕ್ಲೇಶ್ಪುರದ ತಂಗಿ, ನಿಮಗೆ ಆಸ್ಪತ್ರೇಲಿ ಹುಷಾರಿಲ್ಲದ ದಿನದ ಲೆಕ್ಕ ಹೇಳಿಕೊಟ್ರಾ? ಇಲ್ಲಾಂದ್ರೆ ಕೇಳಿ ಬರೆಸ್ಕೊಳ್ಳಿ. ಸಾಮಾನ್ಯವಾಗಿ ಹೇಳೋದು, ಜ್ವರ 100 ದಾಟಿದ್ರೆ ಹೈಡ್ರೋಕಾರ್ಟಿಸೋನ್ ಡಬಲ್, 102 ದಾಟಿದ್ರೆ ಮೂರು ಪಟ್ಟು, ಜ್ವರ ಇಳಿದ ಮೇಲೆ ಮತ್ತೆ ಮಾಮೂಲಿ. ಫ್ಲೂಡ್ರೋ ಹಂಗೇ ಇರ್ಲಿ. ಎರಡು ಮೂರು ದಿನ ಡಬಲ್ ತಗೊಂಡಿದ್ದಕ್ಕೆ ಮೂಳೆ ಸವೆಯಲ್ಲ, ಇದನ್ನ ಅತ್ತೆಗೆ ಬಿಡಿಸಿ ಹೇಳಿ, ಯಾಕಂದ್ರೆ ಜನ ಜ್ವರ ಬಂದಾಗ್ಲೇ ಮಾತ್ರೆ ಬಿಡೋದು, ಊಟ ಇಲ್ಲ ಮಾತ್ರೆ ಯಾಕೆ ಅಂತ. ಮಾತ್ರೆ ತಗೊಂಡ ಅರ್ಧ ಗಂಟೆ ಒಳಗೆ ವಾಂತಿ ಆದ್ರೆ ಮತ್ತೆ ಕೊಡ್ಬೇಕು, ಅದೂ ನಿಲ್ಲದಿದ್ರೆ 100 ಎಂಜಿ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ತೊಡೆಗೆ, ಹೊರಡೋದು ಆಸ್ಪತ್ರೆಗೆ. ನೀವಿರೋದು ಎಲ್ಲಿ ಅಂತ ನೋಡಿ, ಹಾಸನಕ್ಕೆ 40 ಕಿಲೋಮೀಟರ್, ಎಸ್ಟೇಟ್ ರಸ್ತೆ ಬೇರೆ. ಮಳೇಲಿ ಮರ ಬಿದ್ರೆ ಗಂಟೆಗಟ್ಟಲೆ. ಆ ಇಂಜೆಕ್ಷನ್ ಫ್ರಿಡ್ಜ್ ಮೇಲಿನ ಡಬ್ಬೀಲಿ ಇರ್ಲಿ, ಪುಡಿ ಇರೋ ಬಾಟ್ಲು, ನೀರು ಬೆರೆಸಿ ಕೊಡೋದು. ಹೇಳಿಕೊಡಿ ಅಂತ ವಾರ್ಡ್ ಸಿಸ್ಟರ್‌ನ ಕೇಳಿ, ನಾನು ಮನೆಯೋರಿಗೆ ಬಾಳೆಹಣ್ಣಿಗೆ ಚುಚ್ಚಿಸಿ ಕಲಿಸ್ತೀನಿ, ಎರಡನೇ ಹಣ್ಣಿಗೆ ಕೈ ನಡುಕ ನಿಲ್ಲುತ್ತೆ.

ಹಲ್ಲು ಕೀಳಿಸೋಕೆ ಹೋದ್ರೂ ಮೊದ್ಲೇ ಹೇಳಿ. ಅತ್ತೆ ಪರ್ಸಲ್ಲಿ ಒಂದು ಚೀಟಿ, "ನನಗೆ ಅಡ್ರಿನಲ್ ಕೊರತೆ ಇದೆ, ಸ್ಟೀರಾಯ್ಡ್ ಮೇಲಿದೀನಿ, ನಿಲ್ಲಿಸಬೇಡಿ" ಅಂತ ಕನ್ನಡ ಇಂಗ್ಲಿಷ್ ಎರಡರಲ್ಲೂ.

ಸಕ್ಲೇಶ್ಪುರದ_ಸೊಸೆ (ಗುರುವಾರ, ರಾತ್ರಿ 8.55)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೋಮವಾರ ಬೆಳಗ್ಗೇನೇ ಡಾಕ್ಟ್ರಿಗೆ ಫೋನ್ ಮಾಡಿದ್ವಿ, ಬನ್ನಿ ಅಂದ್ರು. ಸೋಡಿಯಂ ಡಿಸ್ಚಾರ್ಜ್ ಆಗುವಾಗ 136 ಇತ್ತು, ಮತ್ತೆ 127ಕ್ಕೆ ಬಂದಿತ್ತು. ಎದ್ದು ನಿಲ್ಸಿ ಬಿಪಿ ನೋಡಿದ್ರು, ಮಲಗಿದ್ದಾಗ 104 ಇದ್ದಿದ್ದು ನಿಂತಾಗ 82. ಡಾಕ್ಟ್ರು ಬೈಲಿಲ್ಲ, ಆ ಎರಡು ಅಂಕಿನ ಕಾಗದದ ಮೇಲೆ ದೊಡ್ಡದಾಗಿ ಬರೆದು ಅತ್ತೆ ಕೈಗೆ ಕೊಟ್ರು.

ಕಲ್ಲೇಶಣ್ಣ, ನಿಮ್ಮಪ್ಪನ ವಿಷಯ ಅತ್ತೆಗೆ ಓದಿ ಹೇಳ್ದೆ. ವಿಡಿಯೋಗಿಂತ ಅದೇ ನಾಟ್ತು ಅನ್ಸುತ್ತೆ, ಪೊಟ್ಣ ಎಸೆದಿದ್ದು ಕೇಳ್ತಿದ್ದಂಗೆ "ಹಂಗಾರೆ ನಾ ಉಗುಳಿದ್ದೂ ಅದೇ ಅಲ್ವೇನೇ" ಅಂದ್ರು. ನಾದಿನಿಗೆ ಅತ್ತೇನೇ ಫೋನ್ ಮಾಡಿ ಇನ್ಮೇಲೆ ವಿಡಿಯೋ ಕಳಿಸ್ಬೇಡ ಅಡುಗೆದು ಇದ್ರೆ ಕಳಿಸು ಅಂದಿದಾರೆ. ನಾನೂ ಒಂದು ತಪ್ಪು ಮಾಡ್ತಿದ್ದೆ, ಸಂಜೆ ಮಾತ್ರೆ ರಾತ್ರಿ ಒಂಬತ್ತಕ್ಕೆ ಕೊಡ್ತಿದ್ದೆ. ಈಗ ನಾಲ್ಕಕ್ಕೆ.

ಒಂದು ಡೌಟು. ಹಾಸನಾಂಬೆ ಬಾಗಿಲು ತೆಗೆದಾಗ ಕ್ಯೂನಲ್ಲಿ ನಿಲ್ಲಲೇಬೇಕು ಅಂತಾರೆ, ಆರೇಳು ಗಂಟೆ ಆಗುತ್ತೆ, ಡಬಲ್ ಕೊಡ್ಬೇಕಾ?

ಕೊಪ್ಪದ_ಅಡಕತ್ತರಿ (ರಾತ್ರಿ 9.30)

ನಾನು ಎಲೆಕ್ಷನ್ ಕ್ಯೂಗೆಲ್ಲ ಜಾಸ್ತಿ ತಗೊಳ್ಳಲ್ಲ. ಟೈಮಿಗೆ ಸರಿಯಾಗಿ ಮಾತ್ರೆ, ಉಪ್ಪು ಹಾಕಿದ ಮಜ್ಜಿಗೆ ಬಾಟ್ಲು, ತಿನ್ನೋಕೇನಾದ್ರೂ, ಉಪವಾಸ ಮಾತ್ರ ಬೇಡ. ಆದ್ರೆ ಅತ್ತೆ ಈಗಷ್ಟೇ ಬಿದ್ದೆದ್ದಿದಾರೆ, ಡಾಕ್ಟ್ರನ್ನ ಕೇಳದೆ ಕ್ಯೂನಲ್ಲಿ ನಿಲ್ಸಬೇಡಿ, ಸೋಡಿಯಂ ನೋಡಿ ಅವ್ರೇ ಹೇಳ್ಲಿ.

ಸಕ್ಲೇಶ್ಪುರದ_ಸೊಸೆ (ರಾತ್ರಿ 9.48)

ಸರಿ ಅಣ್ಣ, ಕೇಳ್ತೀನಿ. ಅತ್ತೆ ಪಕ್ಕದಲ್ಲೇ ಕೂತಿದಾರೆ, ನಿಮಗೆ ಒಂದು ಮಾತು ಹೇಳು ಅಂತಿದಾರೆ, ಅಡಕತ್ತರೀಲಿ ಮಾಡಿದ್ರೆ ಮಾತ್ರೆ ಒಂದು ಕಡೆ ಪುಡಿ ಉದುರುತ್ತಂತೆ, ಹೊಸ ಬ್ಲೇಡು ಒಳ್ಳೇದಂತೆ. ಮೂರು ದಿನದಿಂದ ಅವ್ರೇ ಕೂತು ಅರ್ಧ ಮಾಡಿ ಡಬ್ಬೀಗೆ ಹಾಕಿಡ್ತಿದಾರೆ.